ವರ್ಟಸ್ ಜಿಟಿಗೆ ಹೊಸ ಟೈರ್: ದಿನಾ ಬೆಂಗಳೂರು ಟ್ರಾಫಿಕ್, ಆಗಾಗ ಶಿರಾಡಿ ಘಾಟಿ. ಯಾವುದು ಹಾಕಿಸಲಿ?

ಹೇಮಾವತಿ_ಜಿಟಿ · 4 ಅಕ್ಟೋಬರ್ 2025

ಎಲ್ಲರಿಗೂ ನಮಸ್ಕಾರ. ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, 1.5 ಟಿಎಸ್‌ಐ ಡಿಎಸ್‌ಜಿ, 2022ರ ಕಾರು. ಮೀಟರು 46 ಸಾವಿರ ದಾಟಿದೆ. ಕಂಪನಿಯಿಂದ ಬಂದ ಟೈರುಗಳೇ ಇನ್ನೂ ಓಡ್ತಿವೆ. ಮುಂದಿನ ಎರಡರಲ್ಲಿ ಬಟನ್ (ರಸ್ತೆಗೆ ತಾಗೋ ರಬ್ಬರಿನ ಉಬ್ಬು) ಎರಡೂವರೆ ಮಿ.ಮೀ. ಉಳಿದಿದೆ, ಹಿಂದಿನವು ನಾಲ್ಕರ ಹತ್ತಿರ ಇವೆ. ಅಳತೆ 205/55 ಆರ್16 91ವಿ.

ವಾರವೆಲ್ಲ ಪೀಣ್ಯದಿಂದ ಬೆಳ್ಳಂದೂರಿಗೆ ಹೋಗಿ ಬರೋದು. ರಜೆ ಸಿಕ್ಕರೆ ಸಕಲೇಶಪುರದ ಮನೆಗೆ, ಅಲ್ಲಿಂದ ಶಿರಾಡಿ ಇಳಿದು ಮಂಗಳೂರಿಗೆ, ಅಲ್ಲಿ ಹೆಂಡತಿಯ ತವರು. ಕಾರು ಓಡಿಸೋದು ಅಂದ್ರೆ ನನಗೆ ನಿಜವಾಗಿ ಇಷ್ಟ. 150 ಪಿಎಸ್ ಇರೋ ಕಾರನ್ನು ತಗೊಂಡಿದ್ದೂ ಅದಕ್ಕೇ. ಆದರೆ ಈ ಮಳೆಗಾಲದಲ್ಲಿ ಗೊರಗುಂಟೆಪಾಳ್ಯದ ಫ್ಲೈಓವರ್ ಮೇಲೆ ಸ್ವಲ್ಪ ಜೋರಾಗಿ ಒತ್ತಿದರೂ ಚಕ್ರ ಜಾರಿದಾಗ ಹತ್ತೋ ಟ್ರ್ಯಾಕ್ಷನ್ ಲೈಟು ಮಿಣುಕೋಕೆ ಶುರುವಾಯ್ತು.

ಮೂರು ಪ್ರಶ್ನೆ ಇದೆ. ಮಿಶೆಲಿನ್ ಪ್ರೈಮಸಿ 4ಎಸ್‌ಟಿ, ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್, ಬ್ರಿಜ್‌ಸ್ಟೋನ್ ಟುರಾನ್ಜಾ 6ಐ, ಯೊಕೊಹಾಮಾ ಬ್ಲೂಅರ್ಥ್ ಜಿಟಿ, ಇವುಗಳಲ್ಲಿ ಯಾವುದು? 215/55ಕ್ಕೆ ಏರಿಸಬಹುದಾ? ಮುಂದಿನ ಎರಡು ಮಾತ್ರ ಬದಲಾಯಿಸಿದರೆ ಸಾಕಾ?

ಕುಡ್ಲದ_ಡ್ರೈವರ್

ಶಿರಾಡಿ ಇಳಿಯುವವರು ನೀವು ಅಂತಾದ ಮೇಲೆ ಮೊದಲು ನೋಡಬೇಕಾದದ್ದು ಮಳೆಯನ್ನೇ ಮಾರಾಯ್ರೆ. ಒಣ ರಸ್ತೆಯಲ್ಲಿ ನೀವು ಹೇಳಿದ ನಾಲ್ಕರಲ್ಲಿ ಯಾವುದನ್ನು ಹಾಕಿದರೂ ನಿಮ್ಮ ಕಾರಿಗೆ ಬೇಕಾದಷ್ಟು ಹಿಡಿತ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ರಸ್ತೆ ಒಣಗುವುದೇ ಅಪರೂಪ. ಘಾಟಿಯ ಕಾಂಕ್ರೀಟಿನ ಮೇಲೆ ಗುಡ್ಡದಿಂದ ಕೆಂಪು ನೀರು ಅಡ್ಡ ಹರಿಯುತ್ತಿರುತ್ತದೆ, ಅದರ ಮೇಲೆ ಲಾರಿಗಳು ಸುರಿಸಿದ ಡೀಸೆಲ್ ಬೇರೆ. ತಿರುವಿನಲ್ಲಿ ಎದುರಿಂದ ಗ್ಯಾಸ್ ಟ್ಯಾಂಕರ್ ಬಂದಾಗ ಬ್ರೇಕ್ ಒತ್ತಿ ನೋಡಿ, ಟೈರಿನ ಬೆಲೆ ಎಂತದು ಅಂತ ಆಗ ಗೊತ್ತಾಗುತ್ತದೆ.

ಎರಡೂವರೆ ಮಿ.ಮೀ. ಅಂದ್ರಲ್ಲ, ಕಾನೂನಿನ ಪ್ರಕಾರ ಅದು ಇನ್ನೂ ಸರಿಯೇ. ಕಾರಿಗೆ 1.6 ಮಿ.ಮೀ.ವರೆಗೆ ಬಿಡುತ್ತಾರೆ, ಬಟನ್‌ಗಳ ನಡುವಿನ ಸಂದಿನೊಳಗೆ ಕಾಣುವ ಸಣ್ಣ ದಿಬ್ಬಗಳು ಅದೇ ಗುರುತು. ಆದರೆ ಹೊಸ ಟೈರಿನಲ್ಲಿ ಬಟನ್ ಎಂಟು ಮಿ.ಮೀ. ಆಸುಪಾಸು ಇರುತ್ತದೆ. ನೀರು ಓಡಿಸುವುದು ಆ ಆಳವೇ. ಮೂರಕ್ಕಿಂತ ಕೆಳಗೆ ಬಂದರೆ ನಿಂತ ನೀರಿನ ಮೇಲೆ ಕಾರು ತೇಲುವುದು ಬೇಗ ಶುರುವಾಗುತ್ತದೆ. ಕರಾವಳಿಯಲ್ಲಿ ಓಡಿಸುವವರು ಮೂರರಲ್ಲೇ ಟೈರ್ ಬದಲಿಸುವುದು ಒಳ್ಳೆಯದು, 1.6ರವರೆಗೆ ಕಾಯುವುದು ಬೇಡ.

ಎನ್‌ಲೈನ್_195

ನಾನು ಇದನ್ನ ಪೂರ್ತಿ ಒಪ್ಪಲ್ಲ. ನನ್ನದು ಐ20 ಎನ್ ಲೈನ್, 195/55 ಆರ್16. ಸ್ಪೋರ್ಟಿ ಕಾರು ತಗೊಂಡು ಮೆತ್ತನೆ ಟೂರಿಂಗ್ ಟೈರ್ ಹಾಕಿದರೆ ಸ್ಟಿಯರಿಂಗ್ ತಿರುಗಿಸಿದ ಮೇಲೆ ಕಾರು ಅರ್ಧ ಕ್ಷಣ ತಡವಾಗಿ ತಿರುಗುತ್ತೆ. ಟೈರಿನ ಭುಜ ಮೊದಲು ಬಾಗುತ್ತೆ, ಆಮೇಲೆ ಕಾರು ಹಿಂದೆ ಬರುತ್ತೆ. ದಿನಾ ಓಡಿಸೋ ಕಾರಲ್ಲೂ ಆ ನೇರತನ ಬೇಕು ಅನ್ನೋರು ಇದ್ದೀವಿ. ಅವರು ಕೇಳಿರೋದು ಸ್ಪೋರ್ಟಿ ಕಾರಿನ ಟೈರ್ ಬಗ್ಗೆ, ಆಂಬ್ಯುಲೆನ್ಸ್ ಬಗ್ಗೆ ಅಲ್ಲ. ಮಿಶೆಲಿನ್ ಪೈಲಟ್ ಸ್ಪೋರ್ಟ್ ಥರದ ಸ್ಪೋರ್ಟ್ ಟೈರ್ ಸಿಕ್ಕಿದರೆ ಅದನ್ನೇ ಹಾಕಿಸಿ ಸರ್.

ಕುಡ್ಲದ_ಡ್ರೈವರ್

ಖಂಡಿತ ಹಾಕಿಸಲಿ. ಆದರೆ 16 ಇಂಚಿನಲ್ಲಿ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ ಆಯ್ತಾ?

ಟೈರ್_ಕೆಲಸ_ಮೈಸೂರು

ಇಬ್ಬರ ಮಾತಲ್ಲೂ ಅರ್ಧರ್ಧ ಸತ್ಯ ಇದೆ ಕಣ್ರೀ. ನಾನು ಇದೇ ಕೆಲಸದಲ್ಲಿ ಇರೋನು, ಅಂಗಡಿ ಹೆಸರು ಹೇಳಲ್ಲ.

ಸ್ಪೋರ್ಟ್ ಟೈರ್ ಅಂದ್ರೆ ಒಣ ರಸ್ತೆಗೆ, ಟೂರಿಂಗ್ ಅಂದ್ರೆ ಮಳೆಗೆ ಅನ್ನೋ ಲೆಕ್ಕವೇ ಸರಿಯಲ್ಲ. ಒಳ್ಳೆ ಸ್ಪೋರ್ಟ್ ಟೈರು ಹೊಸದಿದ್ದಾಗ ಮಳೆಯಲ್ಲೂ ಅದ್ಭುತವಾಗಿ ಹಿಡಿಯುತ್ತೆ. ಅದಕ್ಕೆ ನೀವು ಕೊಡೋ ಬೆಲೆ ಬೇರೆ ಕಡೆ ಇದೆ. ಒಂದು, ಬೇಗ ಸವೆಯುತ್ತೆ. ಸವೆದ ಮೇಲೆ ಮಳೆ ಹಿಡಿತವೂ ಹೋಗುತ್ತೆ. ಎರಡು, ಅವು ಹೆಚ್ಚಾಗಿ 17 ಇಂಚು ಮತ್ತು ಮೇಲಿನ ರಿಮ್ಮಿಗೇ ಬರೋದು. ಅಂದ್ರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಗಿಡ್ಡ, ನಮ್ಮ ಗುಂಡಿಗಳಿಗೆ ಅದು ಒಳ್ಳೇದಲ್ಲ. ಮೂರು, ಸಿಕ್ಕಾಗ ಸಿಕ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದಿನ ಮೇಲೆ ನಿರ್ಬಂಧ ಹಾಕಿತು, ಅಲ್ಲಿಂದ ಪರವಾನಗಿ ಬೇಕು. ಒಂದು ಟೈರಿಗೆ ಗುಂಡಿ ಏಟು ಬಿದ್ದು ಅದೇ ಮಾಡೆಲ್ಲು ತಿಂಗಳುಗಟ್ಟಲೆ ಸಿಗದೆ ಹೋದರೆ ಏನು ಮಾಡ್ತೀರಿ? ದಿನಾ ಆಫೀಸಿಗೆ ಹೋಗೋ ಕಾರಿಗೆ ಬದಲಿ ಟೈರು ಎರಡು ದಿನದಲ್ಲಿ ಸಿಗಬೇಕು. ಇದನ್ನ ಜನ ಲೆಕ್ಕಕ್ಕೇ ತಗೊಳಲ್ಲ.

ಹೇಮಾವತಿ ಅವರು ಬರೆದಿರೋ ನಾಲ್ಕೂ ಒಳ್ಳೆ ಟೈರುಗಳೇ. ಸ್ಟಿಯರಿಂಗ್ ಚುರುಕಾಗಿ ಇರಬೇಕು ಅಂದ್ರೆ ಸ್ವಲ್ಪ ಗಟ್ಟಿ ಭುಜದ್ದು, ನಿಶ್ಶಬ್ದ ಬೇಕು ಅಂದ್ರೆ ಪ್ರೈಮಸಿ. ಟೈರಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ, ಟ್ರೆಡ್ಡಿನಲ್ಲಿ ಎಷ್ಟು ಪದರ, ಸೈಡ್‌ವಾಲ್‌ನಲ್ಲಿ ಎಷ್ಟು ಪಾಲಿಯೆಸ್ಟರ್ ಪದರ ಅಂತ. ಸೈಡ್‌ವಾಲ್ ಒಂದು ಪದರ ಅಂತಿದ್ರೆ ಸವಾರಿ ಮೃದು, ಎರಡು ಅಂತಿದ್ರೆ ಏಟು ತಡಕೊಳ್ಳೋದು ಹೆಚ್ಚು. ಅಂಗಡಿಯಲ್ಲಿ ನಿಂತು ಮೊಬೈಲ್ ಟಾರ್ಚ್ ಹಾಕಿ ಓದಿ. ಯಾವ ಜಾಹೀರಾತೂ ಇಷ್ಟು ಹೇಳಲ್ಲ.

ನಮ್ಮೂರ ವಿಷಯ ಒಂದು ಸೇರಿಸ್ತೀನಿ. ಮೈಸೂರಿನ ವಿಕ್ರಾಂತ್ ಟೈರ್ಸ್ 1997ರಲ್ಲಿ ಜೆಕೆಯವರ ಕೈಗೆ ಹೋಯಿತು, ಇವತ್ತಿಗೂ ಇಲ್ಲಿ ಟೈರ್ ತಯಾರಾಗ್ತಾ ಇದೆ. ಎಂಆರ್‌ಎಫ್, ಅಪೊಲೊ, ಜೆಕೆ, ಸಿಯಟ್ ಇವರ ಮೇಲಿನ ದರ್ಜೆಯ ಟೈರುಗಳನ್ನ ನೋಡದೆಯೇ ತಳ್ಳಿ ಹಾಕಬೇಡಿ. ಯುರೋಪಿನ ವ್ರೆಡೆಸ್ಟೈನ್ ಈಗ ಅಪೊಲೊದ್ದೇ.

ಲೆಕ್ಕದ_ಮೇಷ್ಟ್ರು

ಎರಡನೇ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಕ್ಯಾಲ್ಕುಲೇಟರ್ ಇದ್ದರೆ ಸಾಕು.

205 ಎಂದರೆ ಅಗಲ ಮಿ.ಮೀ.ನಲ್ಲಿ. 55 ಎಂದರೆ ಸೈಡ್‌ವಾಲ್ ಎತ್ತರ ಆ ಅಗಲದ ಶೇ. 55. ಅಂದರೆ 112.75 ಮಿ.ಮೀ. ಮೇಲೆ ಕೆಳಗೆ ಎರಡು ಸೇರಿ 225.5. ರಿಮ್ 16 ಇಂಚು, ಅಂದರೆ 406.4. ಒಟ್ಟು ವ್ಯಾಸ 632 ಮಿ.ಮೀ.

215/55 ಆರ್16 ಹಾಕಿದರೆ 643. ಶೇ. 1.7 ಹೆಚ್ಚು. ಮೀಟರಿನ ಲೆಕ್ಕದಲ್ಲಿ 100 ಇರುವಾಗ ಕಾರು ಮೊದಲಿಗಿಂತ 1.7 ಕಿ.ಮೀ. ಜಾಸ್ತಿ ಓಡುತ್ತಿರುತ್ತದೆ, ಅಷ್ಟೇನೂ ದೊಡ್ಡದಲ್ಲ. 205/60 ಹಾಕಿದರೆ 652, ಶೇ. 3.2 ಹೆಚ್ಚು. ಇದನ್ನು ನಾನು ಹಾಕುವುದಿಲ್ಲ. ಗೇರು ಅಷ್ಟೇ ಪ್ರಮಾಣದಲ್ಲಿ ಉದ್ದವಾದ ಹಾಗೆ, ಎಳೆತ ಕಡಿಮೆಯಾಗುತ್ತದೆ, ಸ್ಪೋರ್ಟಿ ಕಾರು ತೆಗೆದುಕೊಂಡ ಉದ್ದೇಶವೇ ಸ್ವಲ್ಪ ಕರಗುತ್ತದೆ. 17 ಇಂಚಿಗೆ ಹೋಗುವುದಾದರೆ 225/45 ಆರ್17 ವ್ಯಾಸ 634, ಹತ್ತಿರದ ಹೊಂದಿಕೆ. ಆದರೆ ಸೈಡ್‌ವಾಲ್ 113ರಿಂದ 101 ಮಿ.ಮೀ.ಗೆ ಇಳಿಯುತ್ತದೆ. ಬೆಳ್ಳಂದೂರಿನ ರಸ್ತೆಯಲ್ಲಿ ಆ 12 ಮಿ.ಮೀ. ರಬ್ಬರು ಬಹಳ ಕೆಲಸ ಮಾಡುತ್ತದೆ.

ಅಗಲ ಹೆಚ್ಚಾದರೆ ಹಿಡಿತ ಹೆಚ್ಚು ಎಂಬ ನಂಬಿಕೆಯೂ ಅರ್ಧ ಮಾತ್ರ ನಿಜ. ನಿಂತ ನೀರಿನಲ್ಲಿ ಅಗಲದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುತ್ತದೆ, ಬೇಗ ತೇಲುತ್ತದೆ. ಶಿರಾಡಿಗೆ 205 ಸರಿಯಾಗಿದೆ.

ಇನ್ನೊಂದು ವಿಷಯ ಈಗಲೇ ಹೇಳಿಬಿಡುತ್ತೇನೆ. ಹೊಸ ಟೈರ್ ಹಾಕಿಸಿದವರೆಲ್ಲ ಮೈಲೇಜ್ ಕಡಿಮೆಯಾಯಿತು ಎನ್ನುತ್ತಾರೆ. ನಿಮ್ಮ ಮುಂದಿನ ಟೈರುಗಳಲ್ಲಿ ಐದೂವರೆ ಮಿ.ಮೀ. ಸವೆದಿದೆ. ವ್ಯಾಸದಲ್ಲಿ ಅದು 11 ಮಿ.ಮೀ., ಶೇ. 1.7. ಸವೆದ ಟೈರು ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗುತ್ತದೆ, ಹಾಗಾಗಿ ಮೀಟರು ದೂರವನ್ನು ಹೆಚ್ಚಿಗೆ ತೋರಿಸುತ್ತಿತ್ತು. ಹೊಸದು ಹಾಕಿದ ದಿನ ಆ ಹೆಚ್ಚುವರಿ ಮಾಯವಾಗುತ್ತದೆ. ಅದರ ಜೊತೆಗೆ ದಪ್ಪ ಬಟನ್ನಿನ ಹೊಸ ಟೈರು ಉರುಳುವುದಕ್ಕೆ ನಿಜವಾಗಿಯೂ ಸ್ವಲ್ಪ ಹೆಚ್ಚು ಶಕ್ತಿ ಕೇಳುತ್ತದೆ. ಗಾಬರಿ ಬೇಡ.

ಕಲಬುರ್ಗಿ_ಬಿಸಿಲು

ನಮ್ ಕಡಿ ಮಾತೂ ಸ್ವಲ್ಪ ಕೇಳ್ರಿ. ನಿಮಗ ಮಳಿ ಚಿಂತಿ, ನಮಗ ಬ್ಯಾಸಗಿ ಚಿಂತಿ. ಏಪ್ರಿಲ್, ಮೇದಾಗ ಇಲ್ಲಿ 42 ಡಿಗ್ರಿ ದಾಟತದ, ರಸ್ತಿ ಅದಕ್ಕಿಂತ ಭಾಳ ಹೆಚ್ಚು ಸುಡತದ. ಟೈರ್ ಸಿಡಿಯೋದು ಗಾಳಿ ಹೆಚ್ಚಾಗಿ ಅಂತ ಮಂದಿ ತಿಳಕೊಂಡಾರ. ಖರೇ ಹೇಳಬೇಕಂದ್ರ ಗಾಳಿ ಕಡಿಮಿ ಇದ್ದದ್ದೇ ಹೆಚ್ಚಾಗಿ ಸಿಡೀತದ. ಗಾಳಿ ಕಡಿಮಿ ಆದ್ರ ಸೈಡ್‌ವಾಲ್ ಪ್ರತಿ ಸುತ್ತಿಗೂ ಮಡಚತದ, ಬಿಸಿ ಒಳಗಿಂದನೇ ಹುಟ್ಟತದ.

ಅದಕ್ಕ ಮುಂಜಾನೆ ತಂಪಿದ್ದಾಗ ಗಾಳಿ ನೋಡ್ರಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗ ಸ್ಟಿಕರ್ ಅದ, ಅದರಾಗ ಬರದಷ್ಟು ಹಾಕ್ರಿ. ಡಿಗ್ರಿ ಹತ್ತು ಏರಿದ್ರ ಒಂದೂವರೆ ಪಿಎಸ್‌ಐ ಏರತದ. ಮಧ್ಯಾಹ್ನ ನೂರು ಕಿ.ಮೀ. ಓಡಿಸಿ ನಿಲ್ಲಿಸಿ, ಗಾಳಿ ಜಾಸ್ತಿ ಆಗ್ಯದ ಅಂತ ತಗಿಯೋದು ಭಾಳ ತಪ್ಪು, ಸಂಜಿಗಿ ತಂಪಾದ ಮ್ಯಾಲ ಕಡಿಮಿ ಆಗಿ ಕೂಡತದ.

ನೈಟ್ರೋಜನ್ ಕೇಳತಾರ. ಪುಕ್ಕಟೆ ಕೊಟ್ರ ಹಾಕಿಸ್ರಿ. ರೊಕ್ಕ ಕೇಳಿದ್ರ ಬಿಡ್ರಿ, ಸಾದಾ ಗಾಳಿನಾಗೂ 78 ಪಾಲು ಅದೇ ಅದ.

ಸಂಪಾಜೆ_ತಿರುವು

ಎರಡು ಟೈರ್ ಮಾತ್ರ ಹಾಕಿಸುವ ಪ್ರಶ್ನೆಗೆ ಬರುತ್ತೇನೆ. ನಾನು ಮಡಿಕೇರಿಯವಳು, ವರ್ಷವಿಡೀ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಿ ಬರುತ್ತೇನೆ. ಹಣದ ಅಡಚಣೆ ಇಲ್ಲದಿದ್ದರೆ ನಾಲ್ಕನ್ನೂ ಹಾಕಿಸಿ. ಎರಡೇ ಅಂತಾದರೆ ದಯವಿಟ್ಟು ಹೊಸದನ್ನು ಹಿಂದಕ್ಕೆ ಹಾಕಿಸಿ, ಹಿಂದಿನ ನಾಲ್ಕು ಮಿ.ಮೀ.ನವು ಮುಂದಕ್ಕೆ ಬರಲಿ.

ಹೇಮಾವತಿ_ಜಿಟಿ

ಮೇಡಂ, ಇದು ಫ್ರಂಟ್ ವೀಲ್ ಡ್ರೈವ್ ಕಾರು. ಎಳೆಯೋದು, ತಿರುಗಿಸೋದು, ಬ್ರೇಕಿನ ಹೆಚ್ಚು ಭಾರ ಎಲ್ಲಾ ಮುಂದಿನ ಚಕ್ರಕ್ಕೇ. ಒಳ್ಳೆ ಟೈರು ಮುಂದೆ ಇರಬೇಕಲ್ವಾ? ಅಂಗಡಿಯಲ್ಲೂ ಹಾಗೇ ಹೇಳಿದರು.

ಸಂಪಾಜೆ_ತಿರುವು

ಹೆಚ್ಚಿನ ಅಂಗಡಿಗಳಲ್ಲಿ ಹಾಗೆಯೇ ಹೇಳುತ್ತಾರೆ. ಟೈರ್ ತಯಾರಿಸುವ ಕಂಪನಿಗಳು ಹೇಳುವುದು ಮಾತ್ರ ಇದಕ್ಕೆ ವಿರುದ್ಧ. ಕಾರಣ ಹೀಗಿದೆ.

ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರಕ್ಕೆ ಹೋಗುತ್ತದೆ. ನಿಮಗೆ ಸ್ಟಿಯರಿಂಗ್ ಹಗುರಾದದ್ದು ಕೈಗೆ ಗೊತ್ತಾಗುತ್ತದೆ. ಕಾಲು ಎತ್ತಿದರೆ ವೇಗ ಇಳಿದು ಹಿಡಿತ ಮರಳುತ್ತದೆ. ನಮ್ಮೆಲ್ಲರ ಕಾಲು ತಾನಾಗಿಯೇ ಮಾಡುವ ಕೆಲಸ ಅದು. ಹಿಂದಿನ ಚಕ್ರ ಜಾರಿದರೆ ಹಾಗಲ್ಲ. ಮುನ್ಸೂಚನೆ ಇಲ್ಲದೆ ಹಿಂಭಾಗ ಹೊರಕ್ಕೆ ಹೋಗುತ್ತದೆ, ಆಗ ಕಾಲು ಎತ್ತಿದರೆ ಭಾರ ಮುಂದಕ್ಕೆ ಬಂದು ಹಿಂಭಾಗ ಇನ್ನೂ ಹಗುರಾಗಿ ಕಾರು ಗಿರ್ರನೆ ತಿರುಗಿಬಿಡುತ್ತದೆ. ಘಾಟಿಯಲ್ಲಿ ಒಂದು ಕಡೆ ಚರಂಡಿ, ಇನ್ನೊಂದು ಕಡೆ ಪ್ರಪಾತ. ಕಾರು ಜಾರದಂತೆ ತಾನಾಗಿ ಬ್ರೇಕ್ ಹಾಕುವ ಇಎಸ್‌ಸಿ ಇದೆ ಎನ್ನುತ್ತೀರಿ, ಅದು ಇರುವ ಹಿಡಿತವನ್ನು ನಾಲ್ಕು ಚಕ್ರಕ್ಕೆ ಹಂಚುತ್ತದೆಯೇ ಹೊರತು ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ.

ನೀವು ಮುಂದಕ್ಕೆ ಎಂಟು ಮಿ.ಮೀ.ನ ಹೊಸ ಟೈರ್ ಹಾಕಿ ಹಿಂದೆ ನಾಲ್ಕನ್ನು ಬಿಟ್ಟರೆ ಮುಂಭಾಗ ನೀರನ್ನು ಚೆನ್ನಾಗಿ ಕತ್ತರಿಸಿಕೊಂಡು ಹೋಗುತ್ತದೆ, ನಿಮಗೆ ಎಲ್ಲಾ ಸರಿ ಇದೆ ಅನಿಸುತ್ತದೆ, ವೇಗ ಹೆಚ್ಚಿಸುತ್ತೀರಿ. ಹಿಂಭಾಗಕ್ಕೆ ಆ ವೇಗ ತಡೆಯುವುದಿಲ್ಲ. ನನಗೆ ಇದರ ಬಗ್ಗೆ ಬಹಳ ಕಾಳಜಿ ಇದೆ, ಅದಕ್ಕೇ ಇಷ್ಟು ಉದ್ದ ಬರೆದೆ.

ಎನ್‌ಲೈನ್_195

ಇದು ನನಗೂ ಗೊತ್ತಿರಲಿಲ್ಲ. ತುಂಬಾ ಚೆನ್ನಾಗಿ ಹೇಳಿದ್ರಿ ಮೇಡಂ.

ಸ್ಟುಟ್‌ಗಾರ್ಟ್_ಕನ್ನಡಿಗ

ಇಲ್ಲಿ ಜರ್ಮನಿಯಲ್ಲಿ ಟೈರ್ ಕೊಳ್ಳುವಾಗ ಪ್ರತಿ ಟೈರಿಗೂ ಒಂದು ಲೇಬಲ್ ಇರುತ್ತೆ. ಇಂಧನ ಉಳಿತಾಯಕ್ಕೆ ಎ ಯಿಂದ ಇ, ಒದ್ದೆ ರಸ್ತೆಯ ಹಿಡಿತಕ್ಕೆ ಎ ಯಿಂದ ಇ, ಜೊತೆಗೆ ಹೊರಗಿನ ಶಬ್ದ ಎಷ್ಟು ಡೆಸಿಬೆಲ್ ಅಂತ. 2021ರ ಮೇ ತಿಂಗಳಿಂದ ಈ ಹೊಸ ರೂಪದಲ್ಲಿ ಬಂದಿದೆ. ಭಾರತದಲ್ಲೂ ಎಐಎಸ್ 142 ಅನ್ನೋ ಮಾನದಂಡ ಬಂದಿದೆ, ಉರುಳುವ ತಡೆ, ಒದ್ದೆ ಹಿಡಿತ, ಶಬ್ದ ಈ ಮೂರಕ್ಕೂ ಕನಿಷ್ಠ ಮಟ್ಟ ಕೇಳುತ್ತೆ. ಹೊಸ ವಿನ್ಯಾಸದ ಟೈರುಗಳಿಗೆ 2022ರ ಅಕ್ಟೋಬರ್‌ನಿಂದ ಅನ್ವಯ ಅಂತ ಅಧಿಸೂಚನೆ ಆಗಿತ್ತು. ಬಿಇಇ (ಕೇಂದ್ರದ ಇಂಧನ ದಕ್ಷತಾ ಸಂಸ್ಥೆ) ನಕ್ಷತ್ರ ಇರೋ ಟೈರುಗಳೂ ಸಿಗ್ತಿವೆ. ಆ ನಕ್ಷತ್ರ ಇಂಧನ ಉಳಿತಾಯದ ಲೆಕ್ಕ, ಮಳೆ ಹಿಡಿತದ ಅಂಕ ಅಂದ್ಕೋಬೇಡಿ.

ಯೂಟ್ಯೂಬಲ್ಲಿ ಯುರೋಪಿನ ಟೈರ್ ಪರೀಕ್ಷೆ ನೋಡಿ ನಿರ್ಧಾರ ಮಾಡೋರಿಗೆ ಒಂದು ಮಾತು. ಒಂದೇ ಕಂಪನಿ ಯುರೋಪಿಗೆ ಒಂದು ಮಾಡೆಲ್, ಏಷ್ಯಾಕ್ಕೆ ಇನ್ನೊಂದು ಮಾಡೆಲ್ ಇಟ್ಟಿರುತ್ತೆ. ಹೆಸರು ಹತ್ತಿರ ಹತ್ತಿರ ಇದ್ದರೂ ಟೈರು ಬೇರೆ. ಇಲ್ಲಿನ ಅಂಕವನ್ನು ಅಲ್ಲಿಗೆ ಹಚ್ಚಬೇಡಿ.

ಮತ್ತೆ, ಸೆಕೆಂಡ್ ಹ್ಯಾಂಡ್ ಇಂಪೋರ್ಟೆಡ್ ಅಂತ ಯಾರಾದರೂ ಕಡಿಮೆ ಬೆಲೆಗೆ ತೋರಿಸಿದರೆ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿಹ್ನೆ ಇದೆಯಾ ನೋಡಿ. ಇದ್ದರೆ ಅದು ಹೆಚ್ಚಾಗಿ ಚಳಿಗಾಲದ ಟೈರು. ನಾವು ಇಲ್ಲಿ ಅಕ್ಟೋಬರ್‌ನಲ್ಲಿ ಹಾಕಿ ಈಸ್ಟರ್ ಹೊತ್ತಿಗೆ ತೆಗೀತೀವಿ. ಅದರ ರಬ್ಬರು ಥಂಡಿಗೆಂದೇ ಮೆದುವಾಗಿ ಮಾಡಿದ್ದು, ಬೆಂಗಳೂರಿನ ಮಾರ್ಚ್ ಬಿಸಿಲಿಗೇ ಬೇಗ ಸವೆದು ಹೋಗುತ್ತೆ, ಬ್ರೇಕ್ ಹಾಕಿದರೆ ಕಾರು ನಿಲ್ಲೋಕೆ ಹೆಚ್ಚು ದೂರ ಬೇಕಾಗುತ್ತೆ.

ಟೈರ್_ಕೆಲಸ_ಮೈಸೂರು

ಅದಕ್ಕೇ ನಾನು ಹೇಳೋದು, ಐಎಸ್‌ಐ ಗುರುತು ಇಲ್ಲದ ಟೈರು ಮುಟ್ಟಬೇಡಿ. ಕಾರಿನ ಟೈರಿಗೆ ಐಎಸ್ 15633 ಅಂತ ಇರಬೇಕು.

ಈಗ ಅಂಗಡಿಗೆ ಹೋಗೋ ದಿನದ ಬಗ್ಗೆ. ಇಷ್ಟು ಹೊತ್ತು ಬ್ರಾಂಡ್ ಬಗ್ಗೆ ಮಾತಾಡಿದ್ರಿ. ನನ್ನ ಅನುಭವದಲ್ಲಿ ಹೊಸ ಟೈರಿನ ಸುಖ ಅರ್ಧ ಹಾಳಾಗೋದು ಹಾಕೋ ದಿನವೇ.

ಟೈರು ಕಾರಿಗೆ ಏರೋಕೆ ಮುಂಚೆ ತಾರೀಖು ನೋಡಿ. ಡಿಒಟಿ ಅಂತ ಶುರುವಾಗೋ ಸಾಲಿನ ಕೊನೆಗೆ ನಾಲ್ಕು ಅಂಕಿ. 2325 ಅಂದ್ರೆ 2025ರ 23ನೇ ವಾರ. ಕೆಲವು ಟೈರಿನಲ್ಲಿ ಒಂದೇ ಪಕ್ಕದಲ್ಲಿ ಇರುತ್ತೆ, ಹಾಕಿದ ಮೇಲೆ ಒಳಗಡೆ ಹೋದ್ರೆ ಕಾಣಲ್ಲ. ಆರು ತಿಂಗಳೊಳಗಿನದು ಕೇಳಿ, ವರ್ಷ ದಾಟಿದ್ದನ್ನ ಪೂರ್ತಿ ಬೆಲೆಗೆ ತಗೋಬೇಡಿ. ನಾಲ್ಕೂ ಆಸುಪಾಸಿನ ವಾರದ್ದೇ ಇದ್ರೆ ಒಳ್ಳೇದು.

91 ಅಂದ್ರೆ ಒಂದು ಟೈರು ಹೊರೋ ಭಾರ 615 ಕೆ.ಜಿ., ವಿ ಅಂದ್ರೆ ಗಂಟೆಗೆ 240 ಕಿ.ಮೀ. ಇದಕ್ಕಿಂತ ಮೇಲಕ್ಕೆ ಹೋಗಬಹುದು, ಕೆಳಗೆ ಬೇಡ. ಎಚ್ ಅಂದ್ರೆ 210. ಮೈಸೂರು ಹೈವೇಯಲ್ಲಿ ಮಿತಿ ನೂರೇ ಅಲ್ವಾ ಅಂತ ಕೇಳ್ತಾರೆ. ಆ ಅಕ್ಷರ ಬರೀ ವೇಗದ್ದಲ್ಲ, ಬಿಸಿ ತಡೆಯೋ ಶಕ್ತಿಯದ್ದು, ಟೈರಿನ ಒಳಗಿನ ರಚನೆಯದ್ದು.

ಹೊಸ ಟೈರಿಗೆ ಹೊಸ ವಾಲ್ವ್ ಹಾಕಿಸಿ, ಹಳೇ ರಬ್ಬರ್ ವಾಲ್ವ್ ಬಿಡಬೇಡಿ. ಹೊರಮುಖ ಅಂತ ಬರೆದಿರೋ ಅಸಮ ವಿನ್ಯಾಸದ ಟೈರಾದ್ರೆ ಅದು ಹೊರಗೇ ಬಂದಿದೆಯಾ ನಾಲ್ಕೂ ಕಡೆ ಸುತ್ತಿ ನೋಡಿ. ಫೋಕ್ಸ್‌ವ್ಯಾಗನ್ ಕಾರಲ್ಲಿ ನಟ್ ಅಲ್ಲ, ಬೋಲ್ಟ್ ಇರೋದು. ಹುಡುಗರು ಏರ್ ಗನ್ ಹಿಡಿದು ಕಿರ್ರ್ ಅಂತ ಕೊನೇವರೆಗೂ ಹೊಡೀತಾರೆ. ಕೈಯಲ್ಲಿ ನಾಲ್ಕು ಸುತ್ತು ಹಾಕಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ 120 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿಸಿ. ಟಾರ್ಕ್ ರೆಂಚ್ ಇಲ್ಲ ಅನ್ನೋ ಅಂಗಡಿಯಿಂದ ಹೊರಗೆ ಬನ್ನಿ.

ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸೋದು) ಆದಮೇಲೆ ಪ್ರಿಂಟ್ ಕೇಳಿ, ಮೊದಲು ಎಷ್ಟಿತ್ತು, ಆಮೇಲೆ ಎಷ್ಟು ಅಂತ.

ಹೇಮಾವತಿ_ಜಿಟಿ

ಅಲೈನ್‌ಮೆಂಟ್ ವಿಷಯ ಬಂದಿದ್ದಕ್ಕೆ ಕೇಳ್ತೀನಿ. ಕಳೆದ ವರ್ಷ ಒಂದು ಅಂಗಡಿಯಲ್ಲಿ ನಾಲ್ಕೂ ಚಕ್ರಕ್ಕೆ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರೋ ಕೋನ) ಸೆಟ್ಟಿಂಗ್ ಮಾಡಬೇಕು ಅಂತ ಬೇರೆ ಬಿಲ್ ಹಾಕಿದ್ದರು. ಅದಾದ ಮೇಲೆ ಎಡಗಡೆ ಮುಂದಿನ ಟೈರಿನ ಒಳ ಅಂಚು ಬೇಗ ಸವೆಯೋಕೆ ಶುರುವಾಯ್ತು. ಹೊಸ ಟೈರಿಗೂ ಅದೇ ಗತಿ ಆಗಬಾರದು.

ಟೈರ್_ಕೆಲಸ_ಮೈಸೂರು

ನಿಮ್ಮ ಕಾರಿನ ಹಿಂದೆ ಟಾರ್ಷನ್ ಬೀಮ್, ಅಂದ್ರೆ ಎರಡೂ ಚಕ್ರ ಜೋಡಿಸೋ ಒಂದೇ ಅಡ್ಡ ತೊಲೆ ಇರೋದು. ಅದರಲ್ಲಿ ಕ್ಯಾಂಬರ್ ಆಗಲಿ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಆಗಲಿ ಸೆಟ್ ಮಾಡೋ ಜಾಗವೇ ಇಲ್ಲ. ಮುಂದೆ ಮಾಮೂಲಿಗೆ ಸರಿಪಡಿಸೋದು ಟೋ ಒಂದೇ. ಕೆಲವು ಕಡೆ ಕ್ಯಾಂಬರ್ ಅಂತ ಹೇಳಿ ಜಾಕ್ ಕೊಟ್ಟು ಚಕ್ರ ಹಿಡಿದಿರೋ ಸಸ್ಪೆನ್ಷನ್ ಕಂಬವನ್ನೇ (ಸ್ಟ್ರಟ್) ಬಗ್ಗಿಸ್ತಾರೆ. ದಯಮಾಡಿ ಅದಕ್ಕೆ ಒಪ್ಪಬೇಡಿ. ಕ್ಯಾಂಬರ್ ಅಂಕಿ ಹೊರಗಡೆ ತೋರಿಸ್ತಿದ್ರೆ ಏನೋ ಬಾಗಿದೆ ಅಥವಾ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಹೋಗಿದೆ ಅಂತ ಅರ್ಥ. ಅದನ್ನ ಹುಡುಕಿ ಬದಲಾಯಿಸಬೇಕು.

ಈಗಲೇ ಒಂದು ಕೆಲಸ ಮಾಡಿ. ಸ್ಟಿಯರಿಂಗ್ ಪೂರ್ತಿ ಬಲಕ್ಕೆ ತಿರುಗಿಸಿ ಎಡಗಡೆ ಟೈರಿನ ಮೇಲೆ ಅಂಗೈ ಇಟ್ಟು ಒಳಗಿನಿಂದ ಹೊರಕ್ಕೆ ಎಳೀರಿ, ಆಮೇಲೆ ಹೊರಗಿನಿಂದ ಒಳಕ್ಕೆ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಚುಚ್ಚಿದ್ರೆ ಟೋ ಕೆಟ್ಟಿದೆ. ಎರಡೂ ದಿಕ್ಕಿಗೆ ನುಣುಪಾಗಿದ್ದು ಬರೀ ಒಳ ಅಂಚು ಮಾತ್ರ ತೆಳುವಾಗಿದ್ರೆ ಕ್ಯಾಂಬರ್ ಕಡೆ ನೋಡಬೇಕು.

ಹೇಮಾವತಿ_ಜಿಟಿ

ಈಗಷ್ಟೇ ನೋಡಿ ಬಂದೆ. ಹೊರಗಿನಿಂದ ಒಳಕ್ಕೆ ಎಳೆದರೆ ಚುಚ್ಚುತ್ತೆ, ಚೆನ್ನಾಗಿ ಗೊತ್ತಾಗುತ್ತೆ.

ಟೈರ್_ಕೆಲಸ_ಮೈಸೂರು

ಹಾಗಾದ್ರೆ ಟೋ. ಸುಲಭವಾಗಿ ಸರಿ ಹೋಗುತ್ತೆ. ಟೈ ರಾಡ್ ಎಂಡ್ (ಸ್ಟಿಯರಿಂಗ್ ಕಡ್ಡಿ ಚಕ್ರಕ್ಕೆ ಸೇರೋ ಕೀಲು) ಲೂಸ್ ಇದೆಯಾ ಅಂತ ಅದಕ್ಕೂ ಮೊದಲು ಅಲ್ಲಾಡಿಸಿ ನೋಡಲಿ.

ಲೆಕ್ಕದ_ಮೇಷ್ಟ್ರು

ಬಿಲ್ಲು ಮಾಡಿಸುವಾಗ ತೆರಿಗೆ ಗಮನಿಸಿ. ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಹಿಂದೆ ತೆರಿಗೆ ಸೇರಿ 10,000 ಇದ್ದ ಟೈರು ಈಗ 9,219ರ ಹತ್ತಿರ ಬರಬೇಕು. ಶೇ. ಹತ್ತು ಇಳಿದಿಲ್ಲವಲ್ಲ ಎಂದು ಅಂಗಡಿಯವರ ಹತ್ತಿರ ಜಗಳ ಬೇಡ, 128 ಇದ್ದದ್ದು 118 ಆದರೆ ಇಳಿಕೆ ಶೇ. 7.8.

ಹೇಮಾವತಿ_ಜಿಟಿ · 19 ಅಕ್ಟೋಬರ್ 2025

ಹಾಕಿಸಿ ಆಯ್ತು. ಎಲ್ಲರ ಮಾತನ್ನೂ ಇಟ್ಟುಕೊಂಡೇ ನಿರ್ಧಾರ ಮಾಡಿದೆ, ಹಾಗಾಗಿ ವಿವರವಾಗಿ ಬರೀತೀನಿ.

ಅಳತೆ ಬದಲಾಯಿಸಲಿಲ್ಲ. ನಾಲ್ಕೂ ಪ್ರೈಮಸಿ 4ಎಸ್‌ಟಿ. ಕಾಂಟಿನೆಂಟಲ್ ಮತ್ತು ಇದರ ನಡುವೆ ಬಹಳ ತೂಗಿದೆ. ಕಾಂಕ್ರೀಟ್ ರಸ್ತೆಯ ಶಬ್ದ ನನಗೂ ಮನೆಯವರಿಗೂ ದಿನಾ ಕಾಡೋ ವಿಷಯ, ಬೆಂಗಳೂರಲ್ಲಿ ವೈಟ್ ಟಾಪಿಂಗ್ ಆಗದ ದೊಡ್ಡ ರಸ್ತೆ ಹುಡುಕಬೇಕು ಈಗ. ಸವೆದ ಮೇಲೂ ಮಳೆ ಹಿಡಿತ ಉಳಿಸಿಕೊಳ್ಳೋದನ್ನೇ ಗುರಿಯಾಗಿಟ್ಟು ಮಾಡಿದ ಟೈರು ಅನ್ನೋದು ಇನ್ನೊಂದು ಕಾರಣ.

ಮೊದಲು ಮಾತಾಡಿದ್ದ ಅಂಗಡಿಯಲ್ಲಿ ತಾರೀಖು ನೋಡಿದೆ. ಎರಡು ಈ ವರ್ಷದ್ದು, ಎರಡು 2024ರ ಆರಂಭದ್ದು. ಅದೇನೂ ಆಗಲ್ಲ ಸರ್ ಅಂದರು. ಬೇಡ ಅಂತ ಎದ್ದು ಬಂದೆ. ರಾಜಾಜಿನಗರದ ಇನ್ನೊಂದು ಕಡೆ ನಾಲ್ಕೂ ಮೂರು ತಿಂಗಳೊಳಗಿನವು ಸಿಕ್ಕವು, ಬೆಲೆಯೂ ಹೆಚ್ಚುಕಡಿಮೆ ಅಷ್ಟೇ. ಅಲ್ಲಿ ಕೇಳದೆಯೇ ಟಾರ್ಕ್ ರೆಂಚ್ ತೆಗೆದರು. ಎಡಗಡೆ ಟೈ ರಾಡ್ ಎಂಡ್ ನಿಜವಾಗಿಯೂ ಲೂಸ್ ಇತ್ತು, ಅದನ್ನ ಬದಲಾಯಿಸಿ ಆಮೇಲೆ ಟೋ ಸೆಟ್ ಮಾಡಿಸಿದೆ.

ಮೊನ್ನೆ ಸಕಲೇಶಪುರಕ್ಕೆ ಹೋದಾಗ ಹಾಸನ ದಾಟಿದ ಮೇಲೆ ಒಳ್ಳೆ ಮಳೆ. ಟ್ರ್ಯಾಕ್ಷನ್ ಲೈಟು ಒಂದು ಸಲವೂ ಬರಲಿಲ್ಲ. ಎನ್‌ಲೈನ್ ಅವರು ಹೇಳಿದ್ದೂ ನಿಜ, ಸ್ಟಿಯರಿಂಗ್ ಮೊದಲಿಗಿಂತ ಒಂದು ಚೂರು ಮೆತ್ತಗಾಗಿದೆ. ದಪ್ಪ ಬಟನ್ ಇರೋವರೆಗೆ ಹಾಗೇ ಇರಬಹುದು ಅನ್ಸುತ್ತೆ. ಮೈಲೇಜ್ ಮೇಷ್ಟ್ರು ಹೇಳಿದ ಹಾಗೇ ಸ್ವಲ್ಪ ಇಳಿದಿದೆ.

ಎನ್‌ಲೈನ್_195

ಶುಭಾಶಯ ಸರ್. ಸಾವಿರ ಕಿ.ಮೀ. ಆದ್ಮೇಲೆ ಇನ್ನೊಂದ್ಸಲ ಬರೀರಿ, ಹೊಸ ರಬ್ಬರಿನ ಮೇಲಿನ ಜಾರುಪದರ ಹೋದಮೇಲೆ ಫೀಲ್ ಬದಲಾಗುತ್ತೆ.

ಕುಡ್ಲದ_ಡ್ರೈವರ್

ಮೊದಲ ಮುನ್ನೂರು ಕಿ.ಮೀ. ನಿಧಾನ ಓಡಿಸಿ ಆಯ್ತಾ, ಘಾಟಿಯಲ್ಲಂತೂ. ಮತ್ತೆ ಸ್ಟೆಪ್ನಿಗೆ ಗಾಳಿ ಉಂಟಾ ನೋಡಿದ್ರಾ? ನಾಲ್ಕು ಹೊಸದಾಯಿತು ಅಂತ ಐದನೆಯದನ್ನು ಎಲ್ಲರೂ ಮರೆಯುತ್ತಾರೆ.

ಸ್ಲಾವಿಯಾ_ದಾವಣಗೆರೆ

ನಾನು ಇಲ್ಲಿಗೆ ಹೊಸಬ. ನನ್ನದು ಸ್ಕೋಡಾ ಸ್ಲಾವಿಯಾ, ಹೋದ ವಾರ ಟೈರ್ ಹಾಕಿಸಿದೆ. ಗಾಳಿ ಸರಿಯಾಗಿದ್ದರೂ ಡ್ಯಾಶ್‌ಬೋರ್ಡಲ್ಲಿ ಟೈರ್ ಪ್ರೆಷರ್ ಎಚ್ಚರಿಕೆ ಬರ್ತಾ ಇದೆ. ಟೈರೊಳಗಿನ ಸೆನ್ಸರ್ ಮುರಿದುಹಾಕಿರಬಹುದಾ?

ಟೈರ್_ಕೆಲಸ_ಮೈಸೂರು

ಇಲ್ಲ, ನಿಮ್ಮ ಕಾರಲ್ಲಿ ಟೈರೊಳಗೆ ಸೆನ್ಸರ್ ಇರೋದೇ ಇಲ್ಲ. ಎಬಿಎಸ್ ಸೆನ್ಸರ್ ಚಕ್ರದ ವೇಗ ಹೋಲಿಸಿ ನೋಡುತ್ತೆ, ಯಾವ ಚಕ್ರ ಬೇಗ ತಿರುಗುತ್ತೋ ಅದರಲ್ಲಿ ಗಾಳಿ ಕಡಿಮೆ ಅಂತ ಅಂದಾಜು ಮಾಡುತ್ತೆ. ಹಳೇ ಟೈರಿನ ಲೆಕ್ಕ ಇನ್ನೂ ಅದರ ನೆನಪಲ್ಲಿದೆ. ಬೆಳಗ್ಗೆ ತಣ್ಣಗಿರುವಾಗ ನಾಲ್ಕಕ್ಕೂ ಸರಿಯಾಗಿ ಗಾಳಿ ಹಾಕಿ, ಸ್ಕ್ರೀನಿನಲ್ಲಿ ವಾಹನದ ಸೆಟ್ಟಿಂಗ್ಸ್‌ಗೆ ಹೋಗಿ ಟೈರ್ ಪ್ರೆಷರ್ ಸೇವ್ ಮಾಡಿ. ಹೇಮಾವತಿ ಅವರೇ, ನೀವೂ ಮಾಡಿಲ್ಲದಿದ್ರೆ ಮಾಡಿಬಿಡಿ. ನೂರು ಕಿ.ಮೀ. ಓಡಿದ ಮೇಲೆ ಬೋಲ್ಟ್ ಇನ್ನೊಂದ್ಸಲ 120ಕ್ಕೆ ಚೆಕ್ ಮಾಡಿಸಿ, ಹತ್ತು ಸಾವಿರಕ್ಕೆ ಮುಂದಿನದು ಹಿಂದಕ್ಕೆ.